ಮರಳಿನ ಮಾದರಿಯನ್ನು ಬೇರ್ಪಡಿಸಿ ನೋಡುವ ಅಗತ್ಯ

1918ರಲ್ಲಿ ಸ್ಥಾಪನೆಗೊಂಡು 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಮ್ಮಣ್ಣುಗುಂಡಿಯ ಅದಿರನ್ನು ನೆಚ್ಚಿಕೊಂಡು ಬೆಳೆಯಿತು. ಅದಿರಿನ ಗುಣವನ್ನರಿಯದೆ ಕುಲುಮೆ ನಡೆಯದೆಂಬುದು ಈ ಭಾಗಕ್ಕೆ ಹಳೆಯ ಪಾಠ. ಇಂದು ಶಿವಮೊಗ್ಗ ಹಾಗೂ ಮಾಚೇನಹಳ್ಳಿಯ ಫೌಂಡ್ರಿಗಳು ಅಚ್ಚಿನ ಮರಳಿನ ವಿಷಯದಲ್ಲಿಯೂ ಅದೇ ಎಚ್ಚರ ವಹಿಸಬೇಕಾಗಿದೆ.

ಒಟ್ಟು ಸಿಲಿಕಾ ಶೇಕಡಾ ಎಷ್ಟೆಂದು ತಿಳಿಸುವ ರಾಸಾಯನಿಕ ವರದಿಯೊಂದೇ ಸಾಲದು. ಫೆಲ್ಡ್‌ಸ್ಪಾರ್ ಖನಿಜದಲ್ಲಿಯೂ ಸಿಲಿಕಾ ಇರುತ್ತದೆ; ಆದರೆ ಅದು ಕ್ವಾರ್ಟ್ಜ್‌ಗಿಂತ ಕಡಿಮೆ ಶಾಖದಲ್ಲಿ ಕರಗಿ ಎರಕಕ್ಕೆ ಅಂಟುತ್ತದೆ. ಜೇಡಿಯು ರಾಳದ ಬಂಧಕವನ್ನು ಹೀರಿಕೊಳ್ಳುತ್ತದೆ. ಚಿಪ್ಪಿನ ಚೂರುಗಳು ಕಾದಾಗ ಅನಿಲ ಬಿಟ್ಟು ಎರಕದಲ್ಲಿ ಗುಳ್ಳೆಗಳಿಗೆ ಕಾರಣವಾಗುತ್ತವೆ.

ಇವುಗಳನ್ನು ಗುರುತಿಸುವ ಕ್ರಮ ಕಠಿಣವಲ್ಲ. ರಾಶಿಯ ಹಲವೆಡೆಯಿಂದ ತೆಗೆದ ಮರಳನ್ನು ಗುಡ್ಡೆ ಮಾಡಿ, ನಾಲ್ಕು ಪಾಲಾಗಿಸಿ, ಎದುರುಬದುರಿನ ಎರಡು ಪಾಲುಗಳನ್ನಷ್ಟೇ ಉಳಿಸಿಕೊಳ್ಳುತ್ತ ಮಾದರಿಯನ್ನು ಕಿರಿದುಗೊಳಿಸಬೇಕು. ಬಳಿಕ ತೊಳೆದು 20 ಮೈಕ್ರಾನ್‌ಗಿಂತ ಸಣ್ಣ ಜೇಡಿಕಣಗಳನ್ನು ತೆಗೆದು, ಒಣಗಿಸಿ, ಜರಡಿ ಹಿಡಿಯಬೇಕು. ಮ್ಯಾಗ್ನೆಟೈಟ್ ಕಣಗಳನ್ನು ಅಯಸ್ಕಾಂತ ಸೆಳೆಯುತ್ತದೆ. ಸಾಪೇಕ್ಷ ಸಾಂದ್ರತೆಯನ್ನು 2.60ಕ್ಕೆ ಹೊಂದಿಸಿದ ಸೋಡಿಯಂ ಪಾಲಿಟಂಗ್‌ಸ್ಟೇಟ್ ದ್ರಾವಣದಲ್ಲಿ ಪೊಟ್ಯಾಷ್ ಫೆಲ್ಡ್‌ಸ್ಪಾರ್ (2.56) ತೇಲಿದರೆ ಕ್ವಾರ್ಟ್ಜ್ (2.65) ಮುಳುಗುತ್ತದೆ. ವಿಷಕಾರಿಯಾದ ಬ್ರೋಮೋಫಾರ್ಮ್‌ಗೆ ಹೋಲಿಸಿದರೆ ಈ ದ್ರಾವಣ ಸುರಕ್ಷಿತ. ನೀರನ್ನು ಆವಿಯಾಗಿಸಿ ಮತ್ತೆ ಬಳಸಲೂಬಹುದು. ಸುಣ್ಣದ ಅಂಶವನ್ನು ಪ್ರತ್ಯೇಕ ಪಾಲಿನ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪರೀಕ್ಷಿಸಬಹುದು.

ಇಲ್ಲಿ ಮುಖ್ಯವಾದ ವಿವೇಕವೊಂದಿದೆ. ಶುದ್ಧಗೊಂಡ ಕ್ವಾರ್ಟ್ಜ್ ಎಷ್ಟೇ ಉತ್ತಮವಾಗಿದ್ದರೂ ಕಾರ್ಖಾನೆಗೆ ಬರುವುದು ಶುದ್ಧಗೊಳ್ಳದ ಲೋಡು. ಆದ್ದರಿಂದ ಹೊರತೆಗೆದ ಪ್ರತಿಯೊಂದು ಅಂಶದ ತೂಕವೂ ವರದಿಯಲ್ಲಿ ನಮೂದಾಗಬೇಕು. ಕಲ್ಮಶದ ಲೆಕ್ಕವೇ ಖರೀದಿದಾರನಿಗೆ ಬೇಕಾದ ಲೆಕ್ಕ.

ಸಣ್ಣ ಘಟಕಗಳಿಗೆ ಸ್ವಂತ ಪ್ರಯೋಗಾಲಯ ಹೊರೆಯೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಎರಕ ತಿರಸ್ಕೃತವಾದಾಗ ಲೋಹ, ವಿದ್ಯುತ್ತು, ಶ್ರಮ ಮೂರೂ ವ್ಯರ್ಥವಾಗುತ್ತವೆ. ಅದರ ಪೆಟ್ಟು ಮಾಲೀಕನಿಂದ ಹಿಡಿದು ಗೋಪಾಳದಂತಹ ಬಡಾವಣೆಯಲ್ಲಿ ನೆಲೆಸಿ ಈ ಉದ್ಯಮವನ್ನು ನಂಬಿದ ಕಾರ್ಮಿಕನವರೆಗೂ ತಟ್ಟುತ್ತದೆ. ಆದ್ದರಿಂದ ಉದ್ಯಮಿಗಳ ಸಂಘಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಹಾಗೂ ನಗರದ ಎಂಜಿನಿಯರಿಂಗ್ ಕಾಲೇಜುಗಳ ನೆರವು ಪಡೆದು, ಮಾದರಿಗಿಷ್ಟು ಶುಲ್ಕವೆಂಬ ಕ್ರಮದಲ್ಲಿ ಈ ಪರೀಕ್ಷೆಯನ್ನು ಎಲ್ಲ ಘಟಕಗಳಿಗೂ ಒದಗಿಸುವುದು ಯುಕ್ತ. ಪ್ರತಿ ಮಾದರಿಯ ಒಂದು ಪಾಲನ್ನು ಮೊಹರು ಮಾಡಿ ಕಾಯ್ದಿರಿಸಿದರೆ ವಿವಾದ ಬಂದಾಗ ಖರೀದಿದಾರನಿಗೂ ಪ್ರಾಮಾಣಿಕ ಸರಬರಾಜುದಾರನಿಗೂ ಅದೇ ರಕ್ಷಣೆ.