ಕಿವಿಗೊಡದೆ ಕೊಡುವ ತೀರ್ಪು

ಕಳೆದ ಭಾನುವಾರ ಸಂಜೆ ನಮ್ಮ ಮನೆಗೆ ನಾಲ್ಕೈದು ಮಂದಿ ಮಿತ್ರರು ಬಂದಿದ್ದರು. ಎಲ್ಲರೂ ಓದಿದವರು, ಊರಿನಲ್ಲಿ ಒಳ್ಳೆಯ ಕಚೇರಿ ನಡೆದರೆ ತಪ್ಪಿಸದವರು. ಅಮೆರಿಕದ ಜಾನ್ ಕೇಜ್ 1946–48ರಲ್ಲಿ ರಚಿಸಿದ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ ಎಂಬ ಪಿಯಾನೋ ಕೃತಿಯ ಧ್ವನಿಮುದ್ರಣವನ್ನು ಅವರಿಗೆ ಕೇಳಿಸಿದೆ. ಪಿಯಾನೋದ ತಂತಿಗಳ ನಡುವೆ ತಿರುಪುಮೊಳೆ, ಬೋಲ್ಟು, ರಬ್ಬರಿನ ಚೂರುಗಳನ್ನು ಸಿಕ್ಕಿಸಿ, ಅದರ ನಾದವನ್ನೇ ಬದಲಿಸಿ ನುಡಿಸುವ ಕೃತಿ ಅದು. ಎರಡು ನಿಮಿಷ ಕಳೆದಿರಲಿಲ್ಲ, ಹಿರಿಯ ಮಿತ್ರರೊಬ್ಬರು, “ಇದೇನು ಸ್ವಾಮಿ, ಅಡಿಗೆಮನೆಯಲ್ಲಿ ಪಾತ್ರೆ ಉರುಳಿದ ಹಾಗಿದೆ! ಇದನ್ನೂ ಸಂಗೀತವೆನ್ನುತ್ತಾರೆಯೇ?” ಎಂದರು. ಉಳಿದವರು ನಕ್ಕರು. ಕೇಜ್ ಆನಂದ ಕುಮಾರಸ್ವಾಮಿಯವರ ಗ್ರಂಥಗಳನ್ನು ಓದಿದ್ದನೆಂದೂ, ನಮ್ಮ ಸ್ಥಾಯಿಭಾವಗಳ ಕಲ್ಪನೆಯೇ ಈ ಕೃತಿಗೆ ಪ್ರೇರಣೆಯೆಂದೂ ನಾನು ಮೆಲ್ಲಗೆ ತಿಳಿಸಿದೆ. ತಕ್ಷಣ ಅದೇ ಮಿತ್ರರ ಮುಖ ಅರಳಿತು. “ಹಾಗೆ ಹೇಳಿ ಮತ್ತೆ! ಎಲ್ಲ ನಮ್ಮಲ್ಲಿಂದಲೇ ಹೋದದ್ದು” ಎಂದರು. ಅಷ್ಟರಲ್ಲಿ ಕಾಫಿ ಬಂತು; ಸಂಗೀತ ನಿಂತಿತು.

ತಿರಸ್ಕಾರದಿಂದ ಹೆಮ್ಮೆಗೆ ಹಾರಲು ನಮಗೆ ಒಂದು ನಿಮಿಷ ಸಾಕಾಯಿತು. ಆ ಒಂದು ನಿಮಿಷದಲ್ಲಿ ಯಾರೂ ಒಂದು ಸ್ವರವನ್ನಾದರೂ ಗಮನವಿಟ್ಟು ಕೇಳಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ‘ಇದು ಗದ್ದಲ’ ಎನ್ನುವುದೂ ‘ಇದು ನಮ್ಮದೇ’ ಎನ್ನುವುದೂ ಕೇಳುವ ಶ್ರಮದಿಂದ ಪಾರಾಗಲು ನಾವು ಹುಡುಕಿಕೊಂಡಿರುವ ಎರಡು ನೆಪಗಳು.

ಮೊದಲ ನೆಪವನ್ನು ನೋಡೋಣ. ಯೂರೋಪಿನ ಶಾಸ್ತ್ರೀಯ ಸಂಗೀತಕ್ಕೆ ಕೆಲವು ಶತಮಾನಗಳ ಕಾಲ ಆಧಾರಸ್ವರವೆಂಬ ಒಂದು ಮನೆಯಿತ್ತು. ಎಷ್ಟು ದೂರ ಅಲೆದರೂ ಕೃತಿ ಕೊನೆಗೆ ಆ ಮನೆಗೆ ಮರಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಗ್ನರ್ ಮೊದಲಾದವರ ಕೈಯಲ್ಲಿ ಅಲೆದಾಟ ಹೆಚ್ಚಿ, ಮನೆಯ ದಾರಿಯೇ ಮಸುಕಾಯಿತು. ವಿಯೆನ್ನಾದ ಆರ್ನಾಲ್ಡ್ ಷೋನ್‌ಬರ್ಗ್ 1908ರ ತನ್ನ ಎರಡನೆಯ ತಂತಿವಾದ್ಯ ಚತುಷ್ಟಯದ ಕೊನೆಯ ಭಾಗದಲ್ಲಿ ಆ ಮನೆಯನ್ನು ಬಹುಮಟ್ಟಿಗೆ ಬಿಟ್ಟು ಹೊರಟ. ಆದರೆ ಅವನು ಬಯಸಿದ್ದು ಅರಾಜಕತೆಯನ್ನಲ್ಲ. 1920ರ ದಶಕದಲ್ಲಿ ಹನ್ನೆರಡು ಸ್ವರಗಳಿಗೂ ಸಮಾನ ಸ್ಥಾನ ಕೊಡುವ, ಬಲು ಕಟ್ಟುನಿಟ್ಟಾದ ಕ್ರಮವೊಂದನ್ನು ಅವನೇ ರೂಪಿಸಿದ. 1913ರ ಮಾರ್ಚ್ 31ರಂದು ವಿಯೆನ್ನಾದಲ್ಲಿ ಅವನು ನಡೆಸಿದ ಕಚೇರಿ, ಶಿಷ್ಯ ಆಲ್ಬನ್ ಬರ್ಗನ ಗೀತೆಗಳ ಹೊತ್ತಿಗೆ ಗಲಾಟೆ ಎದ್ದು, ಪೂರ್ಣವಾಗದೆ ನಿಂತುಹೋಯಿತು. ಅಂದಿನ ಗದ್ದಲ ಮಾಡಿದವರು ಶ್ರೋತೃಗಳು!

ಇದೆಲ್ಲ ಕನ್ನಡಿಗರಾದ ನಮಗೆ ಅಪರಿಚಿತವೇ? ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ತ್ಯಜಿಸಿದರು. 1954ರಲ್ಲಿ ಅಡಿಗರ ‘ಚಂಡೆ ಮದ್ದಳೆ’ ಬಂತು. ಒಮ್ಮೆ ಪ್ರಾಸ ಹೋಯಿತೆಂದೂ ಇನ್ನೊಮ್ಮೆ ಲಯ ಹೋಯಿತೆಂದೂ ಕೊರಗಿದವರಿಗೆ ನಮ್ಮಲ್ಲೇನೂ ಕೊರತೆಯಿರಲಿಲ್ಲ. ನವ್ಯ ಕವನ ಅರ್ಥವಾಗಲಿಲ್ಲವೆಂದ ವಿದ್ಯಾರ್ಥಿಗಳಿಗೆ “ಇನ್ನೊಮ್ಮೆ ಓದಿ” ಎಂದು ಇಷ್ಟು ವರ್ಷವೂ ಹೇಳುತ್ತ ಬಂದವನು ನಾನು. ಅದೇ ನಾನು ಷೋನ್‌ಬರ್ಗನನ್ನು ಮೊದಲ ಸಲ ಕೇಳಿದಾಗ ಐದು ನಿಮಿಷಕ್ಕೇ ನಿಲ್ಲಿಸಿದ್ದೆ. ಈ ಅಪರಾಧದಲ್ಲಿ ನನ್ನ ಪಾಲೂ ಉಂಟು.

ಎರಡನೆಯ ನೆಪ ಮೆಚ್ಚುಗೆಯ ವೇಷದಲ್ಲಿ ಬರುವುದರಿಂದ ಇನ್ನೂ ಅಪಾಯಕಾರಿ. ಫ್ರಾನ್ಸಿನ ಒಲಿವಿಯೆ ಮೆಸಿಯಾನ್ ನಮ್ಮ ‘ಸಂಗೀತ ರತ್ನಾಕರ’ದ ದೇಶೀ ತಾಳಗಳನ್ನು ಅಭ್ಯಾಸಮಾಡಿದ್ದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕ ಅವನು, 1941ರ ಜನವರಿ 15ರಂದು ಗ್ಯೋರ್ಲಿಟ್ಸಿನ ಸೆರೆಶಿಬಿರದಲ್ಲಿ ಮೂವರು ಸಹಸೆರೆಯಾಳುಗಳೊಡನೆ ತನ್ನ ‘ಕಾಲಾಂತ್ಯದ ಚತುಷ್ಟಯ’ವನ್ನು ನುಡಿಸಿದ. ಅದರ ಮೊದಲ ಭಾಗದಲ್ಲಿ ಪಿಯಾನೋದ ಲಯ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ತಾಳಗಳಿಂದ ಕೂಡಿದೆ.

‘ನೋಡಿ, ನಮ್ಮದೇ’ ಎಂದು ಇಲ್ಲಿಗೆ ಎದ್ದುಬಿಟ್ಟವನು ಮುಖ್ಯವಾದದ್ದನ್ನೇ ಕಳೆದುಕೊಂಡ. ಆ ಲಯದ ಒಂದು ಸುತ್ತಿಗೆ 17 ಕಾಲಪ್ರಮಾಣಗಳು. ಅದರ ಮೇಲೆ ಸುತ್ತುವ ಸ್ವರಗುಚ್ಛಗಳು 29. ಎರಡು ಸುತ್ತುಗಳೂ ಒಟ್ಟಿಗೆ ಮೊದಲಿಗೆ ಬರಬೇಕಾದರೆ 493 ಹೆಜ್ಜೆ ನಡೆಯಬೇಕು; ಅಷ್ಟರೊಳಗೆ ಆ ಭಾಗವೇ ಮುಗಿದುಹೋಗುತ್ತದೆ. ನಮ್ಮ ಕಚೇರಿಯಲ್ಲಿ ಮೃದಂಗದವರು ಎಲ್ಲೆಲ್ಲೋ ಸುತ್ತಿ ಸಮಕ್ಕೆ ಬಂದು ಸೇರಿದಾಗ ಸಭೆ ತಲೆದೂಗುತ್ತದೆ. ಮೆಸಿಯಾನ್ ಕೊಡುವುದು ಸೇರದಿರುವ, ಕೊನೆಯೇ ಕಾಣದ ಕಾಲದ ಅನುಭವ. ಬಿಡುಗಡೆಯ ದಿನ ತಿಳಿಯದ ಸೆರೆಯಾಳುಗಳು ಅದನ್ನು ಚಳಿಯಲ್ಲಿ ಕುಳಿತು ಕೇಳಿದರು. ನಮ್ಮಿಂದ ಪಡೆದುದನ್ನು ನಮ್ಮ ಪದ್ಧತಿಗೆ ಎದುರಾದ ಕೆಲಸಕ್ಕೆ ಹಚ್ಚಿದ್ದೇ ಅವನ ಸಾಧನೆ. ಅದನ್ನು ಕಾಣಲು ಹೆಮ್ಮೆ ಸಾಲದು, ಕಿವಿ ಬೇಕು.

ಹಾಗಾದರೆ ಹೊಸದೆಲ್ಲ ಒಳ್ಳೆಯದೇ? ಖಂಡಿತ ಅಲ್ಲ. ಕೇಜನ ‘4 ನಿಮಿಷ 33 ಸೆಕೆಂಡು’ 1952ರಲ್ಲಿ ಮೊದಲು ಪ್ರದರ್ಶಿತವಾದಾಗ ವಾದಕ ಪಿಯಾನೋದ ಮುಂದೆ ಕುಳಿತು ಒಂದು ಸ್ವರವನ್ನೂ ನುಡಿಸದೆ ಎದ್ದ. ಸುತ್ತಲಿನ ಸದ್ದಿಗೆ ಕಿವಿ ತೆರೆಸುವ ಈ ಉಪಾಯ ಮೊದಲ ಸಲ ನನಗೆ ಬೆರಗೆನಿಸಿತು. ಎರಡನೆಯ ಸಲ ಬರಿಯ ಉಪದೇಶವೆನಿಸಿತು. ಕೇಳಿದ ಮೇಲೆ ಬೇಡವೆನ್ನುವವರ ಮೇಲೆ ನನಗೆ ಗೌರವವಿದೆ. ರಷ್ಯದ ನಿಕೊಲಾಯ್ ಮೆಟ್ನರ್ 1935ರಲ್ಲಿ ಹೊಸ ಸಂಗೀತವನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದ. ಆ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಅವರ ಅಭಿರುಚಿ ನನ್ನದಲ್ಲ. ಆದರೆ ಅದು ಕೇಳಿ ಕೇಳಿ ಕಟ್ಟಿಕೊಂಡ ಅಭಿರುಚಿ.

ರಸಸಿದ್ಧಾಂತ ನಮ್ಮದೆಂದು ಬೀಗುವ ನಾವು ಅದರ ಷರತ್ತನ್ನು ಮಾತ್ರ ಮರೆಯುತ್ತೇವೆ. ಅಭ್ಯಾಸದಿಂದ ಮನಸ್ಸು ತಿಳಿಯಾದವನೇ ಸಹೃದಯನೆಂಬುದು ಅಭಿನವಗುಪ್ತನ ಮತ. ಆ ಅಭ್ಯಾಸವಿಲ್ಲದ ಕಿವಿ ನಾಳೆ ನಮ್ಮವರೇ ಹೊಸದಾಗಿ ಹಾಡಿದರೂ, ಬರೆದರೂ, ಪಾತ್ರೆಯ ಸದ್ದನ್ನೇ ಕೇಳೀತು.

ಬರುವ ಭಾನುವಾರ ಅದೇ ಮಿತ್ರರನ್ನು ಮತ್ತೆ ಕರೆದಿದ್ದೇನೆ. ಕೇಜನ ಆ ಕೃತಿ ಸುಮಾರು ಒಂದು ಗಂಟೆಯದು. ಈ ಸಲ ಕಾಫಿ, ಸಂಗೀತ ಮುಗಿದ ಮೇಲೆ.