ತೋಟದ ಲೆಕ್ಕ ಬೇರೆ, ತಟ್ಟೆಯ ಲೆಕ್ಕ ಬೇರೆ

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅನ್ನುವುದು ನಮಗೆಲ್ಲ ಬಾಯಿಪಾಠ. ಮಾತು ಸುಳ್ಳಲ್ಲ. ಆದರೆ ಅದಕ್ಕೊಂದು ಬಾಲ ಇದೆ. ತೋಟದ ಜತೆಗೆ ನೌಕರಿ, ಸಣ್ಣ ಉದ್ದಿಮೆ ಇಟ್ಟುಕೊಂಡವರು ಅದನ್ನು ತಿಳಿದಿರಲೇಬೇಕು.

ನನ್ನದು ಖಾಸಗಿ ಕಾಲೇಜೊಂದರಲ್ಲಿ ಗುಮಾಸ್ತಿಕೆ, ಒಂದೂವರೆ ಎಕ್ರೆ ಅಡಿಕೆ ತೋಟ. 2024ರಲ್ಲಿ ಮನೆಯಲ್ಲೇ ಹಾಳೆತಟ್ಟೆ ಯಂತ್ರ ಹಾಕಿದೆ. ಮೊದಲು ಬರೀ ಸಂಬಳ. ತೆರಿಗೆಯ ಗಡಿ ಮುಟ್ಟುತ್ತಿರಲಿಲ್ಲ. ತಟ್ಟೆಯ ಲಾಭ ಸೇರಿದ ಮೇಲೆ, 2025ರಲ್ಲಿ ಮೊದಲ ಸಲ ರಿಟರ್ನ್ಸ್ ತುಂಬಿದೆ. ಸಂಬಳಕ್ಕೆ ತೆರಿಗೆ ಬಂದರೆ ಕಾಲೇಜಿನವರೇ ಹಿಡಿಯುತ್ತಾರೆ. ತಟ್ಟೆಯ ಸಂಗತಿ ಅವರಿಗೇನು ಗೊತ್ತು? ಆ ಪಾಲನ್ನು ನಾವೇ ಲೆಕ್ಕ ಹಾಕಿ, ರಿಟರ್ನ್ಸ್ ಕೊಡುವ ಮೊದಲೇ ಕಟ್ಟಬೇಕು.

ಯಾವುದು ಕೃಷಿ, ಯಾವುದು ಅಲ್ಲ? ಅಡಿಕೆ ಒಣಗಿಸಿ, ಸುಲಿದು ಮಾರಿದರೆ ಕೃಷಿ. ಬೆಳೆಯನ್ನು ಮಾರುಕಟ್ಟೆಗೆ ಒಯ್ಯಲು ಬೆಳೆಗಾರ ಮಾಮೂಲಾಗಿ ಮಾಡುವ ಕೆಲಸ ಅದು. ನರ್ಸರಿ ಗಿಡದ ಆದಾಯವೂ ಕೃಷಿಯೇ ಎಂದು 2008ರ ಹಣಕಾಸು ಕಾಯಿದೆ ಸ್ಪಷ್ಟಪಡಿಸಿತು. ಹಾಲು, ಕೋಳಿ, ಜೇನು ಮಾತ್ರ ತೆರಿಗೆಯವರ ಕಣ್ಣಿಗೆ ಕೃಷಿ ಅಲ್ಲ. ಹಾಳೆತಟ್ಟೆ, ಹಲಸಿನ ಹಪ್ಪಳ ವ್ಯಾಪಾರದ ಲೆಕ್ಕಕ್ಕೆ.

ಸಣ್ಣ ವ್ಯಾಪಾರಕ್ಕೊಂದು ಸುಲಭ ದಾರಿ ಇದೆ. ಒಟ್ಟು ಮಾರಾಟದಲ್ಲಿ ನಗದಾಗಿ ಬಂದದ್ದಕ್ಕೆ ಶೇ. 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6 – ಕನಿಷ್ಠ ಇಷ್ಟನ್ನು ಲಾಭ ಎಂದು ತೋರಿಸಿದರೆ ಉದ್ದುದ್ದ ಖಾತೆ ಪುಸ್ತಕ ಬೇಕಿಲ್ಲ.

ಇನ್ನು ಆ ಬಾಲ. ಬೇರೆ ಆದಾಯ ತೆರಿಗೆಯ ಗಡಿ ದಾಟಿ, ಕೃಷಿಯ ನಿವ್ವಳ ಆದಾಯವೂ 5,000 ರೂ. ಮೀರಿದರೆ, ತೆರಿಗೆಯ ದರ ನೋಡುವಾಗ ಕೃಷಿ ಆದಾಯವನ್ನೂ ಕೂಡಿಸುತ್ತಾರೆ. 2024-25ರ ಹೊಸ ಪದ್ಧತಿಯ ಲೆಕ್ಕ ನೋಡಿ. ಕಡಿತಗಳೆಲ್ಲ ಕಳೆದು ಸಂಬಳ ಮತ್ತು ವ್ಯಾಪಾರದ್ದು 8 ಲಕ್ಷ ಇದ್ದವನಿಗೆ ತೆರಿಗೆ 30,000 ರೂ. ಅವನಿಗೇ 2 ಲಕ್ಷದ ತೋಟದ ಆದಾಯವೂ ಇದ್ದರೆ 40,000 ರೂ., ಸೆಸ್ ಬೇರೆ. ತೋಟಕ್ಕೆ ತೆರಿಗೆ ಇಲ್ಲ, ನಿಜ. ಆದರೆ ತೋಟ ಇದ್ದುದಕ್ಕೇ ಹತ್ತು ಸಾವಿರ ಹೆಚ್ಚು!

ನನ್ನ ತಕರಾರು ಇರುವುದು ಫಾರ್ಮಿನ ಬಗ್ಗೆ. ಸಣ್ಣ ವ್ಯಾಪಾರದವರಿಗೆಂದೇ ಐಟಿಆರ್-4, ಅಂದರೆ ‘ಸುಗಮ್’ ಇದೆ. ಆದರೆ 2025ರಲ್ಲಿ ನಾನು ತುಂಬುವಾಗ, ಕೃಷಿ ಆದಾಯ 5,000 ರೂ. ಮೀರಿದವರಿಗೆ ಅದರ ಬಾಗಿಲು ಮುಚ್ಚಿತ್ತು. ಪುಟದ ಮೇಲೆ ಪುಟ ಇರುವ ಐಟಿಆರ್-3 ತುಂಬಬೇಕು. ಐದು ಸಾವಿರ ಅಂದರೆ ಎಷ್ಟು? ಹತ್ತು-ಹನ್ನೆರಡು ಕಿಲೋ ಚಾಲಿ ಅಡಿಕೆಯ ಕ್ರಯ. ಅಂಗಳದ ಮೂಲೆಯಲ್ಲಿ ಅದಕ್ಕಿಂತ ಹೆಚ್ಚು ಒಣಗುತ್ತದೆ! ಹಾಗಾದರೆ ‘ಸುಗಮ್’ ಯಾವ ಕೃಷಿಕನಿಗೆ ಸುಗಮ?

ಬೆಳೆಯ ಮೌಲ್ಯವರ್ಧನೆ ಮಾಡಿ ಎಂದು ನಮಗೆ ವೇದಿಕೆ ವೇದಿಕೆಯಲ್ಲಿ ಹೇಳುತ್ತಾರೆ. ಮಾಡಿದವನಿಗೆ ಫಾರ್ಮ್ ಒಂದು ಹೊರೆಯಾಗಬಾರದು. ಕೃಷಿ ಆದಾಯ ಎಷ್ಟೇ ಇದ್ದರೂ ಸಣ್ಣ ವ್ಯಾಪಾರಿಗೆ ಸುಲಭದ ಫಾರ್ಮ್ ಸಿಗಬೇಕು. ಕೊನೆಪಕ್ಷ ಆ ಐದು ಸಾವಿರದ ಮಿತಿಯಾದರೂ ಏರಬೇಕು. ನಮ್ಮ ಸಹಕಾರ ಸಂಘಗಳು, ಬೆಳೆಗಾರರ ಸಂಘಗಳು ಇದನ್ನು ಕೇಳಬೇಡವೇ?

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದು ನೋಟ್‌ಬುಕ್. ತೋಟಕ್ಕೊಂದು, ಉದ್ದಿಮೆಗೊಂದು ಪುಟ ಬೇರೆ ಮಾಡಿ. ಅಡಿಕೆ ಮಾರಿದ ಚೀಟಿ, ಗೊಬ್ಬರದ ಬಿಲ್ಲು, ಕೊಯ್ಲಿನ ಕೂಲಿ ಆಯಾ ದಿನವೇ ಬರೆದಿಡಿ. ಕೃಷಿಯ ಖರ್ಚಿಗೆ ದಾಖಲೆ ಇಲ್ಲದಿದ್ದರೆ ನಿವ್ವಳ ಆದಾಯ ಯಾವುದೆಂದು ತೋರಿಸುವುದು ಹೇಗೆ? ನಷ್ಟ ನಮಗೇ.

ನಿಮ್ಮ ಅನುಭವ ಏನು? ಬರೆಯಿರಿ.