ಭಿನ್ನಮತೀಯರೊಳಗಿನ ಭಿನ್ನಮತ

1992ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ದಲ್ಲಿ ಒಂದು ಜಾಹೀರಾತು ಬಂತು. ಅರ್ಥಶಾಸ್ತ್ರದಲ್ಲಿ ಒಂದೇ ವಿಧಾನದ ಏಕಸ್ವಾಮ್ಯ ನಡೆಯುತ್ತಿದೆ, ಬೇರೆ ಪಂಥಗಳ ಮಾತಿಗೂ ಜಾಗ ಕೊಡಿ ಎಂಬುದು ಅದರ ಸಾರ. ಸಹಿ ಹಾಕಿದ್ದ 44 ಮಂದಿಯಲ್ಲಿ ನೊಬೆಲ್ ಪಡೆದ ಪಾಲ್ ಸ್ಯಾಮುಯೆಲ್ಸನ್, ಹರ್ಬರ್ಟ್ ಸೈಮನ್ ಅವರಂಥವರೂ ಇದ್ದರು. 2000ದಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಇದೇ ದೂರನ್ನು ಇನ್ನಷ್ಟು ಗಟ್ಟಿ ದನಿಯಲ್ಲಿ ಹೇಳಿದರು. ‘ಬಹುತ್ವ’ ಅಂದಿನಿಂದ ಹೆಟರೊಡಾಕ್ಸ್ ಅರ್ಥಶಾಸ್ತ್ರಜ್ಞರ, ಅಂದರೆ ಮುಖ್ಯಧಾರೆಯನ್ನು ಒಪ್ಪದ ಭಿನ್ನಮತೀಯರ ಘೋಷಣೆಯೇ ಆಗಿದೆ.

ಆದರೆ ಅವರದೇ ಜರ್ನಲ್‌ಗಳಲ್ಲಿ ಬಹುತ್ವ ಎಷ್ಟಿದೆ?

ಸಾಲಾಗಿ ಇಟ್ಟು ನೋಡಿದರೆ ವೈವಿಧ್ಯಕ್ಕೇನೂ ಕೊರತೆ ಕಾಣದು. ಸಾಂಸ್ಥಿಕ ಪಂಥದವರಿಗೆ 1967ರಿಂದ ‘ಜರ್ನಲ್ ಆಫ್ ಎಕನಾಮಿಕ್ ಇಶ್ಯೂಸ್’ ಇದೆ. 1977ರಲ್ಲಿ ಶುರುವಾದ ‘ಕೇಂಬ್ರಿಡ್ಜ್ ಜರ್ನಲ್ ಆಫ್ ಎಕನಾಮಿಕ್ಸ್’ ಮಾರ್ಕ್ಸ್, ಕೇನ್ಸ್, ಕಲೆಟ್ಸ್‌ಕಿ, ಜೋನ್ ರಾಬಿನ್‌ಸನ್ ಅವರ ಪರಂಪರೆ ತನ್ನದೆಂದು ಹೇಳಿಕೊಳ್ಳುತ್ತದೆ. ಮಾರ್ಕ್ಸ್‌ವಾದಿಗಳಿಗೆ, ಸ್ತ್ರೀವಾದಿಗಳಿಗೆ ಪ್ರತ್ಯೇಕ ಜರ್ನಲ್‌ಗಳಿವೆ. ಪಂಥಗಳು ಹಲವು ಇವೆ ಎಂಬುದಕ್ಕೆ ಇದಿಷ್ಟೂ ಸಾಕ್ಷಿ. ಅವು ಒಂದಕ್ಕೊಂದು ಕಿವಿಗೊಡುತ್ತಿವೆ ಎಂಬುದಕ್ಕೆ ಇದು ಸಾಕ್ಷಿಯಲ್ಲ. ಲಿಯೊನ್‌ಹಾರ್ಡ್ ಡೊಬುಶ್, ಯಾಕೊಬ್ ಕಪೆಲ್ಲರ್ ಎಂಬಿಬ್ಬರು 2012ರಲ್ಲಿ ಭಿನ್ನಮತೀಯರಿಗೆ ಬುದ್ಧಿ ಹೇಳಬೇಕಾಗಿ ಬಂದದ್ದೂ ಇದಕ್ಕೇ: ಮುಖ್ಯಧಾರೆಯನ್ನು ಉಲ್ಲೇಖಿಸಿ ಬೈಯುವುದರಲ್ಲೇ ಮುಳುಗಬೇಡಿ, ಪಕ್ಕದ ಪಂಥದವರು ಬರೆದದ್ದನ್ನೂ ಓದಿ, ಉಲ್ಲೇಖಿಸಿ.

ಇನ್ನು ‘ಜರ್ನಲ್ ಆಫ್ ಪೋಸ್ಟ್ ಕೇನೀಸಿಯನ್ ಎಕನಾಮಿಕ್ಸ್’ ಕಥೆ ಕೇಳಿ. 1978ರಲ್ಲಿ ಸಿಡ್ನಿ ವೈನ್‌ಟ್ರಾಬ್ ಮತ್ತು ಪಾಲ್ ಡೇವಿಡ್‌ಸನ್ ಇದನ್ನು ಹುಟ್ಟುಹಾಕಿದರು. ಜಾನ್ ಕಿಂಗ್ 2002ರಲ್ಲಿ ಬರೆದ ಪೋಸ್ಟ್ ಕೇನೀಸಿಯನ್ ಪಂಥದ ಇತಿಹಾಸ ಬಾಗಿಲನ್ನು ಅಗಲವಾಗಿ ತೆರೆದಿತ್ತು. ಕಲೆಟ್ಸ್‌ಕಿಯ ಹಾದಿಯವರಿಗೂ ಅರ್ಥಶಾಸ್ತ್ರಜ್ಞ ಸ್ರಾಫಾ ಅವರ ಅನುಯಾಯಿಗಳಿಗೂ ಅದರಲ್ಲಿ ಜಾಗವಿತ್ತು. ಡೇವಿಡ್‌ಸನ್ ಒಪ್ಪಲಿಲ್ಲ. ಮುಖ್ಯಧಾರೆಯ ಮೂರು ಮೂಲಸೂತ್ರಗಳನ್ನು ತಿರಸ್ಕರಿಸದವರು ಕೇನ್ಸ್ ವಾರಸುದಾರರೇ ಅಲ್ಲ ಎಂದು ಅದೇ ಜರ್ನಲ್‌ನಲ್ಲಿ ಬರೆದರು. ಬಹುತ್ವ ಕೇಳುವ ಪಂಥದಲ್ಲಿ ಪ್ರವೇಶ ಪರೀಕ್ಷೆ! ಹಾಗೆಂದು ಜರ್ನಲ್ ಕಿಂಗ್, ಮಾರ್ಕ್ ಲವಾ, ಶೀಲಾ ಡೌ ಅವರ ಉತ್ತರಗಳನ್ನು ತಡೆಹಿಡಿಯಲಿಲ್ಲ. 2005ರಲ್ಲಿ ಅಚ್ಚು ಮಾಡಿತು. ಅಷ್ಟರ ಮಟ್ಟಿಗೆ ಅದಕ್ಕೆ ಅಂಕ ಕೊಡಲೇಬೇಕು.

ಭಿನ್ನಮತೀಯರ ಪರವಾಗಿಯೂ ಹೇಳಬೇಕಾದ ಮಾತಿದೆ. ಬ್ರಿಟನ್ನಿನಲ್ಲಿ 1986ರಿಂದ ನಡೆದ ಸಂಶೋಧನಾ ಮೌಲ್ಯಮಾಪನ, ಅದರ ಸುತ್ತ ಹುಟ್ಟಿಕೊಂಡ ಜರ್ನಲ್ ಪಟ್ಟಿಗಳು ಇವರನ್ನು ಮೂಲೆಗೆ ತಳ್ಳಿದ ಬಗೆಯನ್ನು ಅರ್ಥಶಾಸ್ತ್ರಜ್ಞ ಫ್ರೆಡ್ ಲೀ ವರ್ಷಗಟ್ಟಲೆ ದಾಖಲಿಸಿದರು. ಅಮೆರಿಕದ ನೋಟ್ರಡೇಮ್ ವಿಶ್ವವಿದ್ಯಾಲಯ 2003ರಲ್ಲಿ ಅರ್ಥಶಾಸ್ತ್ರ ವಿಭಾಗವನ್ನು ಒಡೆದು ಭಿನ್ನಮತೀಯರನ್ನು ಬೇರೆ ಕೂರಿಸಿತು. ಕೆಲವೇ ವರ್ಷಗಳಲ್ಲಿ ಆ ವಿಭಾಗವೇ ಇಲ್ಲವಾಯಿತು. ಹೆಗ್ಗಣ ಬಿದ್ದಿರುವುದು ಮುಖ್ಯಧಾರೆಯ ತಟ್ಟೆಯಲ್ಲಿ, ಅನುಮಾನ ಬೇಡ. ಹಾಗಂತ ಇವರ ತಟ್ಟೆಯ ನೊಣ ನೊಣವಲ್ಲದೆ ಹೋಗುವುದಿಲ್ಲ.

ಬಹುತ್ವ ಹೇಗಿರುತ್ತದೆ ಎಂದು ನೋಡಬೇಕಾದರೆ 1966ರ ನವೆಂಬರ್ ತಿಂಗಳ ‘ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್’ ತೆರೆಯಬೇಕು. ಅದು ಹಾರ್ವರ್ಡ್‌ನದು, ಅಪ್ಪಟ ಮುಖ್ಯಧಾರೆಯ ಪತ್ರಿಕೆ. ಬಂಡವಾಳ ಸಿದ್ಧಾಂತದ ಬಗ್ಗೆ ಡೇವಿಡ್ ಲೆವ್ಹಾರಿ ಹಿಂದಿನ ವರ್ಷ ಅಲ್ಲೇ ಮಂಡಿಸಿದ್ದ ಪ್ರಮೇಯ ತಪ್ಪೆಂದು ಇಂಗ್ಲೆಂಡಿನ ಕೇಂಬ್ರಿಡ್ಜ್ ಪಾಳೆಯದ ಪಸಿನೆಟ್ಟಿ ಮತ್ತಿತರರು ತೋರಿಸಿಕೊಟ್ಟರು. ಪ್ರಮೇಯ ಸುಳ್ಳು ಎಂದು ಶೀರ್ಷಿಕೆಯಲ್ಲೇ ಸಾರುವ ಟಿಪ್ಪಣಿಯನ್ನು ಲೆವ್ಹಾರಿ ಮತ್ತು ಸ್ಯಾಮುಯೆಲ್ಸನ್ ಅದೇ ಸಂಚಿಕೆಯಲ್ಲಿ ಬರೆದರು. ಆಮೇಲೆ ಪಠ್ಯಪುಸ್ತಕಗಳು ಈ ಸೋಲನ್ನು ಸುಮ್ಮನೆ ಮರೆತವು, ಅದು ಬೇರೆ ಮಾತು.

ಆ ಚರ್ಚೆಗೆ ಮೂಲವಾದ ಸ್ರಾಫಾ ಪುಸ್ತಕವನ್ನು ಭಾರತದಲ್ಲಿ ಮೊದಲೇ ಅಳೆದು ತೂಗಿದವರು ಕಾರವಾರದಲ್ಲಿ ಹುಟ್ಟಿದ ಕೃಷ್ಣಾ ಭಾರದ್ವಾಜ್. 1963ರಲ್ಲಿ ಅವರ ದೀರ್ಘ ವಿಮರ್ಶೆ ಬಂದದ್ದು ಯಾವುದೇ ಪಂಥದ ಜರ್ನಲ್‌ನಲ್ಲಲ್ಲ, ಮುಂಬೈಯ ‘ಎಕನಾಮಿಕ್ ವೀಕ್ಲಿ’ಯಲ್ಲಿ. ಅದರ ಉತ್ತರಾಧಿಕಾರಿ ‘ಇಪಿಡಬ್ಲ್ಯೂ’ (ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ), ಭಾರತದ ಕೃಷಿಗೆ ಬಂಡವಾಳಶಾಹಿ ಕಾಲಿಟ್ಟಿದೆಯೇ ಎಂಬ ಬಗ್ಗೆ ಅಶೋಕ್ ರುದ್ರ, ಉತ್ಸಾ ಪಟ್ನಾಯಕ್ ಮೊದಲಾದವರು ವರ್ಷಗಳ ಕಾಲ ಜಗಳವಾಡಲು ಪುಟ ಬಿಟ್ಟುಕೊಟ್ಟಿತು. ಯಾರು ನಿಜವಾದ ಎಡಪಂಥೀಯ ಎಂದು ಪರೀಕ್ಷಿಸಿ ಒಳಬಿಡುವ ಕೆಲಸಕ್ಕೆ ಅದು ಕೈಹಾಕಲಿಲ್ಲ.

ಒಂದು ಪಂಥಕ್ಕೆ ತನ್ನದೇ ಜರ್ನಲ್ ಇರುವುದು ಅಪರಾಧವೇನಲ್ಲ. ಹಾಗಿದ್ದರೆ ಮುಖಪುಟದಲ್ಲಿ ಹಾಗೆಂದೇ ಹೇಳಿಕೊಳ್ಳಲಿ. ಬಹುತ್ವದ ಹೆಸರು ಬೇಕೆನ್ನುವ ಸಂಪಾದಕರು ವರ್ಷಕ್ಕೊಮ್ಮೆಯಾದರೂ ತಮ್ಮ ಪಂಥದ ಬುಡಕ್ಕೇ ಕೈಹಾಕುವ ಲೇಖನವನ್ನು ಕೇಳಿ ಬರೆಸಿ ಪ್ರಕಟಿಸಲಿ. ಈಗಿನ ಸ್ಥಿತಿಯಲ್ಲಿ ಆ ಹೆಸರಿಗೆ ಅರ್ಹವಾದವು ಕೆಲವೇ.